ಲಂಕೆಯಲ್ಲಿ ಖಾರ ಕಮ್ಮಿ ಕೇಳಿದ ಅಕ್ಕ

ಬೆಂಗಳೂರು, ಹತ್ತುವ ಮೊದಲು

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಮ್ಮಕ್ಕನ ಕೈಚೀಲದಿಂದ ಕೊಬ್ಬರಿ ಎಣ್ಣೆಯ ಬಾಟಲಿ ಹೊರಬಂತು. ಅರ್ಧ ಲೀಟರಿನದು. ಮನೆಯ ಕೊಬ್ಬರಿಯನ್ನೇ ಗಾಣಕ್ಕೆ ಹಾಕಿಸಿ ತೆಗೆಸಿದ ಎಣ್ಣೆ. ಇದನ್ನು ಒಳಗೆ ಬಿಡುವುದಿಲ್ಲ ಎಂದು ಅಲ್ಲಿದ್ದ ಹುಡುಗಿ ಹಿಂದಿಯಲ್ಲಿ ಹೇಳಿದಳು, ನಾನು ಕನ್ನಡದಲ್ಲಿ ಹೇಳಿದೆ. ಅಕ್ಕ ನಮ್ಮಿಬ್ಬರ ಮುಖವನ್ನೂ ನೋಡಿದಳು.

"ಬುಡಕಿಲ್ವಂತಾ? ಓಗ್ಲಿ ಬುಡು. ಕಸದ್ ಡಬ್ಬಕ್ಕೆ ಸುರಿಯಕಂತೂ ಇದ ತಂದಿಲ್ಲ" ಎಂದು ಮುಚ್ಚಳ ತಿರುಗಿಸಿ, ಅಂಗೈ ತುಂಬ ಸುರಿದುಕೊಂಡು ತನ್ನ ನೆತ್ತಿಗೆ ತಟ್ಟಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಬಗ್ಗು ಇಲ್ಲಿ" ಎಂದಳು.

ನನಗೆ ಐವತ್ತೊಂದು ವರ್ಷ. ಪಾಂಡವಪುರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹಿಂದಿನ ಸಾಲಿನಲ್ಲಿ ನನ್ನ ಸಹೋದ್ಯೋಗಿಗಳು ಬೆಲ್ಟು, ವಾಚು ಬಿಚ್ಚಿಕೊಂಡು ನಿಂತಿದ್ದರು. ಆದರೂ ಬಗ್ಗಿದೆ. ಹಿಂದಿ ಹುಡುಗಿ ನಗು ತಡೆಯಲಾರದೆ ಮುಖ ಅತ್ತ ತಿರುಗಿಸಿದಳು. ಹೀಗೆ ನಾವಿಬ್ಬರೂ ಕಿವಿಯ ಹಿಂದೆ ಎಣ್ಣೆ ಇಳಿಸಿಕೊಂಡು ಶ್ರೀಲಂಕೆಗೆ ಹಾರಿದೆವು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಸಾಕಮ್ಮ ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ವಾರಗಿತ್ತಿ. ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ನಾನು ಶ್ರೀರಂಗಪಟ್ಟಣದ ಹುಡುಗಿ, ಮದುವೆಯಾಗಿ ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟಕ್ಕೆ ಹೋದಾಗ ನನಗೆ ಇಪ್ಪತ್ತಮೂರು. ಅಲ್ಲಿ ಹನ್ನೊಂದು ವರ್ಷ ಅಕ್ಕನೂ ನಾನೂ ಒಂದೇ ಒಲೆಯ ಮುಂದೆ ಬೆಂದೆವು. ಆಮೇಲೆ ನನಗೆ ಪಾಂಡವಪುರಕ್ಕೆ ವರ್ಗವಾಯಿತು, ನಾವು ಬೇರೆ ಮನೆ ಮಾಡಿದೆವು. ಜಗಳವಾಗಿ ಬಂದದ್ದಲ್ಲ. ಆದರೆ ಬಂದ ದಿನ ನನ್ನದೇ ಗ್ಯಾಸ್ ಒಲೆಯ ಮುಂದೆ ನಿಂತು ನಾನು ಪಟ್ಟ ಖುಷಿಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಅದು ಹದಿನೇಳು ವರ್ಷದ ಹಿಂದಿನ ಮಾತು. ಈಚೆಗೆ ಹಬ್ಬಕ್ಕೆ ಹೋಗುವುದು, ಸಂಜೆ ಬಸ್ಸಿಗೆ ಹಿಂತಿರುಗುವುದು, ಅಷ್ಟೇ ಉಳಿದಿತ್ತು.

ನಮ್ಮ ಶಾಲೆಯವರು ಲಂಕೆಗೆ ಹೋಗುವುದೆಂದು ನಿಶ್ಚಯಿಸಿದಾಗ ನನ್ನ ಜೊತೆ ಹೊರಡಬೇಕಿದ್ದವರು ನಮ್ಮ ಯಜಮಾನರು. ಹೊರಡಲು ಮೂರು ವಾರವಿದ್ದಾಗ ಅವರ ಸೊಂಟ ಹಿಡಿದುಕೊಂಡಿತು. "ಅತ್ತಿಗೇನ ಕರ್ಕೊಂಡು ಹೋಗು, ಅವ್ರ ಹತ್ರ ಪಾಸ್‌ಪೋರ್ಟ್ ಅದೆ" ಎಂದರು. ಅಕ್ಕನ ಮಗಳು ಮಸ್ಕತ್‌ನಲ್ಲಿದ್ದಾಗ ಬಾಣಂತನಕ್ಕೆಂದು ಮಾಡಿಸಿದ ಪಾಸ್‌ಪೋರ್ಟು ಅದು. ಮಗಳೇ ಹೆರಿಗೆಗೆ ಊರಿಗೆ ಬಂದಿದ್ದರಿಂದ ಒಂದು ಮುದ್ರೆಯೂ ಬೀಳದೆ ಟ್ರಂಕಿನಲ್ಲಿತ್ತು. ನಾನು ಫೋನು ಮಾಡಿದಾಗ ಅಕ್ಕ ಕೇಳಿದ್ದು ಒಂದೇ: "ಎಷ್ಟೊತ್ತಿಗೆ ಒಲ್ಡಬೇಕು?"

ಕೊಲಂಬೊ

ಹೋಟೆಲಿನ ಬಾಗಿಲಲ್ಲಿ ಹುಡುಗಿಯೊಬ್ಬಳು ಕೈಮುಗಿದು "ಆಯುಬೋವನ್" ಎಂದಳು. ಅಕ್ಕ ನನ್ನ ಕಿವಿಯ ಬಳಿ, "ಯಾರಮ್ಮಿ ಅವ್ನು ಬೋವಣ್ಣ?" ಎಂದಳು. ಆಯುಷ್ಯ ಹೆಚ್ಚಲಿ ಎಂದು ಹರಸುವುದು ಇವರ ನಮಸ್ಕಾರ ಎಂದೆ. "ಪಾಪ, ಒಳ್ಳೆ ಉಡ್ಗಿ" ಎಂದು ಅಕ್ಕ ಅವಳ ಕೆನ್ನೆ ಸವರಿದಳು. ಎಣ್ಣೆ ಅಂಟಿತು.

ರೂಮಿಗೆ ಹೋದ ಮೇಲೆ ಅಕ್ಕ ಪೆಟ್ಟಿಗೆಯ ಅಡಿಯಿಂದ ಸ್ಟೀಲಿನ ಡಬ್ಬಿ ತೆಗೆದಳು. ಒಳಗೆ ಕಜ್ಜಾಯ. ಅಕ್ಕಿ ನೆನೆಹಾಕಿ, ಒಣಗಿಸಿ, ಬೀಸಿ, ಬೆಲ್ಲದ ಪಾಕ ಹಿಡಿದು, ಮೂರು ದಿನದ ಕೆಲಸ. ಎಳ್ಳು ಮೆತ್ತಿಕೊಂಡು ಒಂದರ ಮೇಲೊಂದು ಕೂತಿದ್ದವು.

"ನೀನು ಕದ್ದು ತಿಂತಿದ್ಯಲ್ಲ, ಅದ್ಕೆ ಮಾಡ್ದೆ. ಈಗ ಕದಿಯೋದೇನ್ ಬ್ಯಾಡ, ಪೂರಾ ನಿಂದೇಯ."

ನಿಜ, ಕದ್ದು ತಿನ್ನುತ್ತಿದ್ದೆ. ಹೊಸದಾಗಿ ಹೋದಾಗ ಆ ಮನೆಯ ಸಾರು ನನ್ನ ಬಾಯಿ ಸುಟ್ಟು ಕಣ್ಣಲ್ಲಿ ನೀರು ಬರಿಸುತ್ತಿತ್ತು. ಅತ್ತೆಗೆ ಕಾಣದ ಹಾಗೆ ಅಕ್ಕ ನನ್ನ ಅಂಗೈಗೆ ಬೆಲ್ಲದ ಚೂರು ಒತ್ತುತ್ತಿದ್ದಳು. ಅವಳ ಪಾಲಿಗೆ ನಾನು ಇವತ್ತಿಗೂ ಆ ಬೆಲ್ಲದ ಹುಡುಗಿ. ಸಿಹಿ ಕಂಡರೆ ನನ್ನ ನಾಲಗೆ ಹಿಂಜರಿಯತೊಡಗಿ ಏಳೆಂಟು ವರ್ಷವಾಗಿದೆ ಎಂದು ಅವಳಿಗೆ ಹೇಳಿದವರಾರು? ಡಾಕ್ಟರು ಸಕ್ಕರೆ ಅಂಚಿನಲ್ಲಿದೆ ಎಂದದ್ದು ಆಮೇಲೆ. ಅದಕ್ಕೂ ಮೊದಲೇ ಒಂದು ಯುಗಾದಿಯ ದಿನ ಹೋಳಿಗೆ ಬಾಯಿಗಿಟ್ಟಾಗ ಏನೂ ಆಗಲಿಲ್ಲ. ಸಿಹಿಯಿತ್ತು, ಅಷ್ಟೇ. ಈಗ ನನಗೆ ಹಾಗಲಕಾಯಿ ಬೇಕು, ಕಾಫಿಗೆ ಸಕ್ಕರೆ ಬೇಡ. ಹುರಿದ ಮೆಂತ್ಯದ ವಾಸನೆ ಬಂದರೆ ಹಸಿವಾಗುತ್ತದೆ.

ಅಕ್ಕ ಎದುರಿಗೆ ಕೂತು ನೋಡುತ್ತಿದ್ದಳು. ಎರಡು ತಿಂದೆ. "ಹಂಗೇ ಐತಕ್ಕ" ಎಂದೆ.

ಆಮೇಲೆ ನಾನೂ ನನ್ನ ಪೆಟ್ಟಿಗೆ ತೆಗೆದೆ. ಅವಳಿಗೆಂದೇ ಹುಚ್ಚೆಳ್ಳಿಗೆ ಬ್ಯಾಡಗಿಯ ಜೊತೆ ಗುಂಟೂರು ಮೆಣಸಿನಕಾಯಿಯನ್ನೂ ಸೇರಿಸಿ ಚಟ್ನಿಪುಡಿ ಮಾಡಿಕೊಂಡು ಹೋಗಿದ್ದೆ. ಸಾಕಮ್ಮನ ಖಾರ ನಮ್ಮ ಸುತ್ತಿನಲ್ಲಿ ಹೆಸರುವಾಸಿ. ಅವಳು ಮುದ್ದೆಯ ಜೊತೆ ಹಸಿ ಮೆಣಸಿನಕಾಯಿ ಕಚ್ಚಿ ತಿಂದು, ಕಣ್ಣೀರು ಸುರಿಸುತ್ತ, ಮೂಗೊರೆಸಿಕೊಂಡು ನಗುತ್ತಿದ್ದುದನ್ನು ನೋಡಿದವರು ಮರೆಯಲಾರರು. ಹದಿನೇಳು ವರ್ಷ ನನ್ನ ಅಡುಗೆಮನೆಯಲ್ಲಿ ನಾನು ಮಾಡಿದ್ದೆಲ್ಲ ಆ ಖಾರದ ನಕಲು. ಗಂಡನಿಗೆ ಬಿ.ಪಿ., ಮಗ ಹಾಸನದ ಹಾಸ್ಟೆಲ್ಲಿನಲ್ಲಿ, ತಿನ್ನುವವರಿಲ್ಲದಿದ್ದರೂ ಮಾಡುತ್ತಿದ್ದೆ.

"ಅಯ್ಯೋ ನಮ್ಮವ್ವ, ನನ್ನ ನೆಪ್ಪಿಟ್ಕೊಂಡು ಮಾಡಿದೀಯ" ಎಂದು ಅಕ್ಕ ಡಬ್ಬಿಯನ್ನು ಮಡಿಲಿಗೆ ಹಾಕಿಕೊಂಡಳು. ಊಟಕ್ಕೆ ಕೂತಾಗ ಮೊಸರನ್ನಕ್ಕೆ ಒಂದು ಚಮಚ ಕಲಸಿಕೊಂಡು ತಿಂದಳು. ಕಣ್ಣಲ್ಲಿ ನೀರು ಬಂತು. ನನಗೆ ಎದೆ ತುಂಬಿತು.

ಅನುರಾಧಪುರ

ಇಲ್ಲಿ ನೋಡಬೇಕಾದದ್ದು ಸ್ತೂಪಗಳು. ನಮ್ಮಕ್ಕ ನೋಡಿದ್ದು ಕೆರೆ, ಗದ್ದೆ. ಕೆ.ಆರ್.ಎಸ್. ಕಂಡವಳಾದ್ದರಿಂದ ಕೆರೆಯ ವಿಸ್ತಾರಕ್ಕೆ ಬೆರಗಾಗಲಿಲ್ಲ. ಏರಿಯ ಮೇಲೆ ನಿಂತು ಗದ್ದೆಯ ಕಡೆ ಬೆರಳು ಮಾಡಿ, "ಇವ್ರು ನಾಟಿನೇ ಆಕಕಿಲ್ವ? ಬತ್ತ ಚೆಲ್ಬುಟ್ಟವ್ರೆ!" ಎಂದಳು. ಚೆಲ್ಲಿದ ಭತ್ತ ಹರಡಿಕೊಂಡು ಹಸಿರಾಗಿತ್ತು. ಸಾಲಿಲ್ಲ, ಹಗ್ಗ ಹಿಡಿದ ಗುರುತಿಲ್ಲ. ಅವಳಿಗೆ ಅದು ತಲೆ ಬಾಚದ ಹುಡುಗಿಯ ಹಾಗೆ ಕಂಡಿರಬೇಕು. ತುಂಬಾ ಹೊತ್ತು ನೋಡಿದಳು.

ನಾನು ನೋಡುತ್ತಿದ್ದುದು ಬೇರೆ. ಸಿಂಧಘಟ್ಟದಲ್ಲಿ ನಾಟಿಯ ದಿನ ಹದಿನೆಂಟು ಆಳಿಗೆ ಅಡುಗೆ. ಬೆಳಿಗ್ಗೆಯಿಂದ ಒಲೆ ಮುಂದೆ ನಿಂತು, ಮಧ್ಯಾಹ್ನ ತಲೆಯ ಮೇಲೆ ಕುಕ್ಕೆ ಹೊತ್ತು ಬದುವಿನ ಮೇಲೆ ನಡೆದು, ಎಲ್ಲರಿಗೂ ಇಕ್ಕಿ, ಕಡೆಗೆ ಅಕ್ಕನೂ ನಾನೂ ಕೆಸರು ಕಾಲು ನೀರಲ್ಲಿ ಇಳಿಬಿಟ್ಟುಕೊಂಡು ತಳ ಕೆರೆದು ಉಣ್ಣುತ್ತಿದ್ದೆವು. ಆಗ ನಾನು ಅದನ್ನು ಸುಖ ಎಂದುಕೊಂಡವಳಲ್ಲ. ಯಾವಾಗ ಇದರಿಂದ ಬಿಡುಗಡೆ ಎನ್ನುತ್ತಿದ್ದೆ. ಈಗ ಆ ಏರಿಯ ಮೇಲೆ ನಿಂತಾಗ ಬಾಯಲ್ಲಿ ನೀರೂರಿತು. ನನಗೆ ಬೇಕಾಗಿದ್ದದ್ದು ಆ ಊಟವಲ್ಲ, ಆ ಹಸಿವು. ಹೊಟ್ಟೆ ಬೆನ್ನಿಗೆ ಹತ್ತಿದ, ಕೈ ನಡುಗುವ ಹಸಿವು. ಹತ್ತು ವರ್ಷದಿಂದ ನಾನು ಹೊತ್ತಿಗೆ ಉಣ್ಣುತ್ತಿದ್ದೇನೆಯೇ ಹೊರತು ಹಸಿದು ಉಂಡದ್ದಿಲ್ಲ.

ಮಧ್ಯಾಹ್ನದ ಊಟ ಒಂದು ಮನೆಯ ಹಜಾರದಲ್ಲಿ. ಅನ್ನದ ಸುತ್ತ ಏಳೆಂಟು ಬಗೆ: ಕೆಂಪಗೆ ಕುದಿಸಿದ ಮೀನು, ಹಲಸಿನಕಾಯಿ ಪಲ್ಯ, ಬೇಳೆ, ಮೆಣಸಿನಪುಡಿಯಲ್ಲಿ ಉಜ್ಜಿದ ತೆಂಗಿನಕಾಯಿ ತುರಿ. ನಮ್ಮ ಗುಂಪಿನವರು ಒಬ್ಬೊಬ್ಬರಾಗಿ ನೀರಿನ ಲೋಟಕ್ಕೆ ಕೈಚಾಚಿದರು. ಇನ್ನು ನೋಡಿ ನಮ್ಮಕ್ಕನನ್ನು ಎಂದು ನಾನು ಹೆಮ್ಮೆಯಿಂದ ತಿರುಗಿದೆ. ಅವಳು ಮೀನಿನ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಅನ್ನಕ್ಕೆ ಬೇಳೆ ಕಲಸಿಕೊಳ್ಳುತ್ತಿದ್ದಳು.

"ಯಾಕಕ್ಕ?"

"ಬಸ್ಸಲ್ಲಿ ಒಟ್ಟೆ ತೊಳಸ್ತು ಕಣಮ್ಮಿ."

ನಮ್ಮ ವ್ಯಾನಿನ ಚಾಲಕ ನಿಮಲ್ ಅದನ್ನು ಕಂಡು ಅವಳಿಗೆ ಎರಡು ಮಾತು ಕಲಿಸಿದ: "ಮಿರಿಸ್ ಅಡು." ಮೆಣಸು ಕಮ್ಮಿ ಎಂದರ್ಥ. ಅಕ್ಕ ಅದನ್ನು ಎರಡು ಸಲ ಹೇಳಿ ನೋಡಿ ನಕ್ಕಳು.

"ನಮ್ಮಲ್ಲಿ ಅಡು ಅಂದ್ರೆ ಅಡ್ಗೆ ಮಾಡು ಅಂತ. ಇವ್ರಲ್ಲಿ ಕಮ್ಮಿ ಮಾಡು ಅಂತ. ಇವ್ರೇ ವಾಸಿ."

ನಾನು ನಗಲಿಲ್ಲ. ಎಲ್ಲೋ ಏನೋ ಕಳೆದುಹೋದ ಹಾಗಾಗಿತ್ತು. ಇಷ್ಟು ದೂರ ಬಂದದ್ದು ಅವಳ ಪಕ್ಕದಲ್ಲಿ ಕೂತು ಮತ್ತೆ ಮೂಗು ಕಣ್ಣಲ್ಲಿ ನೀರು ಸುರಿಸಿಕೊಂಡು ಉಣ್ಣುವ ಆಸೆಗೆ ಎಂದು ನನಗೆ ಆಗಲೇ ಗೊತ್ತಾದದ್ದು. ಅಂದು ಮೀನನ್ನು ನಾನೊಬ್ಬಳೇ ತಿಂದೆ.

ಮಾತಲೆಯ ದಾರಿ

ಲಂಕೆಯ ಜನ ಹಾರ್ನು ಹೊಡೆಯುವುದು ಕಡಿಮೆ. ದಾರಿಯಲ್ಲಿ ಮುದುಕಿಯೊಬ್ಬಳು ಅಡ್ಡ ಬಂದರೆ ಲಾರಿಯೂ ಸುಮ್ಮನೆ ನಿಂತು ಕಾಯುತ್ತದೆ. ಚಹಾ ಕೇಳಿದರೆ ಹಾಲಿಲ್ಲದ, ಸಕ್ಕರೆಯಿಲ್ಲದ ಚಹಾ ಕೊಟ್ಟು, ಪಕ್ಕದಲ್ಲಿ ಒಂದು ಚೂರು ಬೆಲ್ಲ ಇಡುತ್ತಾರೆ. ಬೆಲ್ಲ ನೆಕ್ಕಬೇಕು, ಚಹಾ ಹೀರಬೇಕು. ಅವರ ಬೆಲ್ಲ ತಾಳೆ ಜಾತಿಯ ಬಗನಿ ಮರದ್ದು, ಹೊಗೆಯ ವಾಸನೆ. ಮಂಡ್ಯದ ಕಡೆಯವರಾದ ನಮಗೆ ಅದನ್ನು ಬೆಲ್ಲ ಎಂದು ಒಪ್ಪಲು ಸ್ವಲ್ಪ ಹೊತ್ತು ಹಿಡಿಯಿತು. ಅಕ್ಕ ತನ್ನ ಪಾಲಿನದನ್ನೂ ನನ್ನ ಕಡೆ ತಳ್ಳಿದಳು. ನಾನು ಅದನ್ನು ಕರವಸ್ತ್ರದಲ್ಲಿ ಸುತ್ತಿಟ್ಟೆ.

ಕಜ್ಜಾಯಗಳನ್ನೂ ಹಾಗೇ ಸಾಗಹಾಕುತ್ತಿದ್ದೆ. ಅಕ್ಕ ಸ್ನಾನಕ್ಕೆ ಹೋದಾಗ ಎರಡು, ನಿದ್ದೆ ಮಾಡುವಾಗ ಮೂರು ತೆಗೆದು ನಿಮಲ್‌ಗೆ ಕೊಡುತ್ತಿದ್ದೆ. ಡಬ್ಬಿ ಖಾಲಿಯಾಗುವುದನ್ನು ಕಂಡು ಅಕ್ಕನ ಮುಖ ಅರಳುತ್ತಿತ್ತು. ಅದನ್ನು ನೋಡಿ ನನಗೆ ಇನ್ನಷ್ಟು ಕೊಡುವ ಧೈರ್ಯ ಬರುತ್ತಿತ್ತು.

ಮಾತಲೆಯ ಹತ್ತಿರ ನಿಮಲ್ ವ್ಯಾನು ನಿಲ್ಲಿಸಿದ. ಅವನ ಮನೆ ರಸ್ತೆಯ ಪಕ್ಕದಲ್ಲೇ. ಹೆಂಡತಿ ಬಾಳೆಲೆಯ ಪೊಟ್ಟಣ ಹಿಡಿದು ಬಂದಳು. ನಿಮಲ್ ಅದನ್ನು ನೇರ ಅಕ್ಕನ ಕೈಗೆ ಕೊಟ್ಟ. ಬಿಚ್ಚಿದರೆ ಎಣ್ಣೆಯಲ್ಲಿ ಕರಿದ, ಅಕ್ಕಿ ಹಿಟ್ಟು ಬೆಲ್ಲದ, ತಲೆಯ ಮೇಲೆ ಜುಟ್ಟಿರುವ ಕಜ್ಜಾಯ. ಅವರ ಭಾಷೆಯಲ್ಲಿ ಕೆವುಂ. ನಿಮಲ್ ಅಕ್ಕನ ಡಬ್ಬಿ ತೋರಿಸಿದ, ನನ್ನನ್ನು ತೋರಿಸಿದ, ಎಂಟು ಬೆರಳೆತ್ತಿದ, ತನ್ನ ಹೊಟ್ಟೆ ಸವರಿಕೊಂಡು ಕೈಮುಗಿದ. ಅಕ್ಕನಿಗೆ ಭಾಷಾಂತರ ಬೇಕಾಗಲಿಲ್ಲ.

ಕ್ಯಾಂಡಿ ಮುಟ್ಟುವವರೆಗೂ ಅವಳು ಕಿಟಕಿಯ ಕಡೆ ನೋಡುತ್ತ ಕೂತಳು.

ಕ್ಯಾಂಡಿ

ರೂಮಿನಲ್ಲಿ ಕೇಳಿದಳು. "ಕೆಟ್ಟೋಗಿತ್ತಾ? ಎಣ್ಣೆ ವಾಸ್ನೆ ಬಂದಿತ್ತಾ?"

"ಇಲ್ಲಕ್ಕ, ಚೆನ್ನಾಗೇ ಇತ್ತು. ನಂಗೇ ಸಿಹಿ ಸೇರಲ್ಲ ಈಗ."

"ಯಾವಾಗ್ಲಿಂದ?"

"ಏಳೆಂಟು ವರ್ಷ ಆಯ್ತು."

ಅಕ್ಕ ಮಂಚದ ಮೇಲೆ ಕೂತಳು. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ದಿದ್ದರೆ ಚೆನ್ನಾಗಿತ್ತು.

"ಏಳೆಂಟ್ ವರ್ಸ" ಎಂದಳು. "ಅಬ್ಬಕ್ ಬಂದಾಗ್ಲೆಲ್ಲ ಡಬ್ಬಿಗೆ ಆಕ್ಕೊಟ್ನಲ್ಲ, ಅವೆಲ್ಲ ಎಲ್ಲೋದೊ?"

ಪಕ್ಕದ ಮನೆಯವರಿಗೆ, ಶಾಲೆಯ ಆಯಾಗೆ, ಹೀಗೆ ಹೋದವು ಎಂದು ಹೇಗೆ ಹೇಳಲಿ?

"ಒಂದ್ ಮನೇಲಿದ್ದಿದ್ರೆ ಗೊತ್ತಾಗದು ಕಣೆ. ತಟ್ಟೆ ನೋಡುದ್ರೇ ಗೊತ್ತಾಗದು" ಎಂದು ಗೋಡೆಯ ಕಡೆ ಮಗ್ಗುಲಾದಳು.

ಬೆಳಿಗ್ಗೆ ಐದೂವರೆಗೆ ನನಗೆ ಎಚ್ಚರವಾದಾಗ ಅವಳು ಮಂಚದ ಅಂಚಿನಲ್ಲಿ ಬಗ್ಗಿ ಕೂತಿದ್ದಳು. ಒಂದು ಕೈ ಎದೆಯ ಮೇಲೆ. ಹಣೆಯಲ್ಲಿ ಬೆವರು. "ಉರೀತದೆ" ಎಂದಳು.

ಬರಿಗಾಲಲ್ಲೇ ಕೆಳಗೋಡಿ, ಅಲ್ಲಿ ಗುಡಿಸುತ್ತಿದ್ದ ಹೆಂಗಸನ್ನು ಹಿಡಿದುಕೊಂಡು ಕನ್ನಡದಲ್ಲೇ ಏನೇನೋ ಹೇಳಿದೆ. ಅವಳು ಪೊರಕೆ ಬಿಸಾಕಿ, ನನ್ನ ಕೈ ಹಿಡಿದು ಮೇಲೆ ಓಡಿಬಂದು, ಅಕ್ಕನ ಇನ್ನೊಂದು ತೋಳಿಗೆ ತೋಳು ಕೊಟ್ಟಳು. ಪಕ್ಕದ ಓಣಿಯಲ್ಲೇ ಒಬ್ಬ ಡಾಕ್ಟರಮ್ಮನ ಮನೆ. ಮೆಟ್ಟಿಲು ಇಳಿಯುವಾಗ ಅಕ್ಕನ ಮೈಭಾರವೆಲ್ಲ ನನ್ನ ಹೆಗಲ ಮೇಲಿತ್ತು. ಇವಳನ್ನು ಇಲ್ಲಿಗೆ ಯಾಕೆ ಕರೆತಂದೆ, ಸಿಂಧಘಟ್ಟಕ್ಕೆ ಏನೆಂದು ಫೋನು ಮಾಡಲಿ ಎಂದುಕೊಳ್ಳುತ್ತಲೇ ಇಳಿಸಿದೆ.

ಡಾಕ್ಟರಮ್ಮ ವಯಸ್ಸಾದವರು, ಸೊಂಟದ ಬಳಿ ನೆರಿಗೆ ಬಿಟ್ಟು ಸೀರೆ ಉಟ್ಟಿದ್ದರು. ನಾಡಿ ನೋಡಿದರು, ಎದೆಗೆ ತಂತಿ ಹಚ್ಚಿ ಚೀಟಿ ತೆಗೆದರು, ಹೊಟ್ಟೆ ಒತ್ತಿದರು. ಆಮೇಲೆ ನನಗೆ ಇಂಗ್ಲಿಷಿನಲ್ಲಿ, "ಹೃದಯ ಚೆನ್ನಾಗಿದೆ. ಖಾರದ್ದು ಏನು ತಿಂದಿದ್ದಾರೆ?" ಎಂದು ಕೇಳಿದರು. ಏನೂ ಇಲ್ಲ, ಅನ್ನ ಬೇಳೆ ಅಷ್ಟೇ ಎಂದೆ. ಅಕ್ಕನ ಮುಖ ನೋಡಿದೆ. ಅವಳು ಕಣ್ಣು ತಪ್ಪಿಸಿದಳು. ಆಮೇಲೆ ತಿಳಿಯಿತು, ನಾನು ಸ್ನಾನಕ್ಕೆ ಹೋದಾಗ, ನನಗೆ ಕಾಣದ ಹಾಗೆ, ದಿನಕ್ಕೆರಡು ಸಲ ಆ ಚಟ್ನಿಪುಡಿಯನ್ನು ಚಮಚಗಟ್ಟಲೆ ಖಾಲಿ ಮಾಡುತ್ತಿದ್ದಳು. ಎಸೆಯಲು ಮನಸ್ಸು ಬಂದಿರಲಿಲ್ಲ. ಬೇರೆಯವರಿಗೆ ಕೊಡುವ ಜಾಣತನ ಅವಳಿಗಿರಲಿಲ್ಲ, ಅದು ನನಗಿತ್ತು.

ಓಣಿಯಲ್ಲಿ ವಾಪಸು ಬರುವಾಗ ನಾನು ಕೇಳಿದೆ: "ಯಾವಾಗ್ಲಿಂದಕ್ಕ?"

"ನಾಕ್ ವರ್ಸ."

ನಾವು ನೋಡದ ನುವರ ಎಲಿಯ

ಗುಂಪು ಅಂದು ನುವರ ಎಲಿಯಕ್ಕೆ ಹೋಯಿತು. ಬೆಟ್ಟ, ಚಹಾ ತೋಟ, ಜಲಪಾತ, ಎಲ್ಲ ಚೆನ್ನಾಗಿತ್ತಂತೆ. ನಾನು ಅಕ್ಕನ ಜೊತೆ ಕ್ಯಾಂಡಿಯ ಹೋಟೆಲಿನ ಹಿಂದಿನ ಜಗಲಿಯಲ್ಲಿ ಕೂತಿದ್ದೆ. ಪ್ರವಾಸ ಮುಗಿದು ಇಷ್ಟು ದಿನವಾದ ಮೇಲೂ ಲಂಕೆ ಎಂದರೆ ನನ್ನ ಕಣ್ಣ ಮುಂದೆ ಬರುವುದು ಆ ಜಗಲಿ.

ಬೆಳಿಗ್ಗೆ ಸಹಾಯ ಮಾಡಿದ ಹೆಂಗಸು, ಹೆಸರು ಪದ್ಮಾ, ಎರಡು ಬಟ್ಟಲಲ್ಲಿ ಹಸಿರು ಗಂಜಿ ತಂದಿಟ್ಟಳು. ಕೆಂಪಕ್ಕಿ, ಕಾಯಿಹಾಲು, ಯಾವುದೋ ಸೊಪ್ಪಿನ ರಸ. ಅಕ್ಕ ಮೂಸಿದಳು, ಒಂದು ಗುಟುಕು ಕುಡಿದಳು.

"ಒಂದೆಲಗ ಕಣಮ್ಮಿ! ನಮ್ಮ ಬದೀನಲ್ಲಿ ಬೆಳೀತದಲ್ಲ, ಅದೇಯ."

ನಾನೂ ಕುಡಿದೆ. ಉಪ್ಪು ಹೆಸರಿಗಷ್ಟೇ. ಖಾರವಿಲ್ಲ, ಸಿಹಿಯಿಲ್ಲ, ಎಲೆಯ ಒಗರು ಮಾತ್ರ. ಸಿಂಧಘಟ್ಟದಲ್ಲಿದ್ದಾಗ ಇಂಥದನ್ನು ಕೊಟ್ಟಿದ್ದರೆ ಇಬ್ಬರೂ ಕರುವಿನ ಬಾಯಿಗೆ ಸುರಿಯುತ್ತಿದ್ದೆವು. ಈಗ ಬಟ್ಟಲು ಬರಿದಾದದ್ದು ಗೊತ್ತಾಗಲಿಲ್ಲ. ಇಬ್ಬರೂ ಒಟ್ಟಿಗೆ ಪದ್ಮಾಳ ಕಡೆ ನೋಡಿದೆವು. ಅವಳು ನಕ್ಕು ಮತ್ತೆ ತಂದಳು.

ಹೊಟ್ಟೆ ತಣ್ಣಗಾದ ಮೇಲೆ ಅಕ್ಕ ಮಾತಾಡಿದಳು. ಮುಟ್ಟು ನಿಂತ ಮೇಲೆ ಶುರುವಾದದ್ದಂತೆ. ಮೊದಲು ಹಸಿ ಮೆಣಸಿನಕಾಯಿ ಬಿಟ್ಟಳು, ಆಮೇಲೆ ಸಾರು.

"ಮತ್ತೆ ಅಡುಗೆ?"

"ಅದು ಅಂಗೇ ಮಾಡ್ತೀನಿ. ಗಂಡಸ್ರಿಗೆ, ಆಳುಗಳ್ಗೆ ಸಾಕಮ್ಮನ್ ಸಾರು ಅಂದ್ರೆ ಅದೇ ಆಗ್ಬೇಕು. ರುಚಿ ನೋಡಕಿಲ್ಲ, ಕೈ ಅಳ್ತೇಲಿ ಆಕ್ತೀನಿ. ಎಲ್ರೂ ಉಂಡ್ಮೇಲೆ ನಾನು ಒಸಿ ಅನ್ನ ಮಜ್ಗೆ ಕಲಸ್ಕೊಂಡು ಅಲ್ಲೇ ನಿಂತ್ಕೊಂಡ್ ಉಂಡ್ಬುಡ್ತೀನಿ."

"ಯಾರೂ ಕೇಳಲ್ವಾ?"

"ಯಾರ್ ಕೇಳಾರು? ಸೊಸೆ ಪೇಟೇಲಿ ಕೆಲ್ಸಕ್ಕೋಯ್ತಾಳೆ, ಪಾಪ, ಬರೋದೇ ಕತ್ಲಾಗೋಯ್ತದೆ. ನಿಮ್ ಬಾವಂಗೆ ತಟ್ಟೆ ತುಂಬಿದ್ರೆ ಆಯ್ತು."

ನಾಲ್ಕು ವರ್ಷ ತಾನು ಉಣ್ಣಲಾಗದ ಅಡುಗೆಯನ್ನು ದಿನಕ್ಕೆರಡು ಹೊತ್ತು ಮಾಡಿದವಳನ್ನು ನಾನು ನೋಡುತ್ತ ಕೂತೆ. ನಾನೂ ಆ ನಾಲ್ಕು ವರ್ಷ ಹಬ್ಬಕ್ಕೆ ಹೋಗಿ, ಅವಳ ಕೈಯ ಸಾರು ಸುರಿದುಕೊಂಡು ಉಂಡು, "ಅಕ್ಕ, ನಿನ್ನ ಕೈರುಚಿಯೇ ರುಚಿ" ಎಂದು ಹೊಗಳಿ ಬಸ್ಸು ಹತ್ತಿದವಳೇ. ಅವಳು ನಮ್ಮ ಜೊತೆ ಕೂತು ಉಂಡಳೇ ಎಂದು ತಿರುಗಿ ನೋಡಿದ ನೆನಪಿಲ್ಲ.

"ನಿಂಗೀಗ ಏನಿಷ್ಟ ಅಕ್ಕ?" ಎಂದು ಕೇಳಿದೆ.

ಹಸು ಮೆಲುಕು ಹಾಕುವ ಸದ್ದು ಇಷ್ಟ ಎಂದಳು. ಮೊದಲು ರಾತ್ರಿಯೆಲ್ಲ ನಾಟಕ ನೋಡುತ್ತಿದ್ದವಳಿಗೆ ಈಗ ಮೈಕಿನ ಸದ್ದು ಆಗುವುದಿಲ್ಲ ಎಂದಳು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಿರುವುದು ಇಷ್ಟ ಎಂದು, ತಪ್ಪು ಮಾಡಿದವಳಂತೆ ಆಚೀಚೆ ನೋಡಿದಳು. ಕಡೆಗೆ ಧ್ವನಿ ತಗ್ಗಿಸಿ ಹೇಳಿದಳು:

"ಯಾರಾರ ಇಕ್ಕುದ್ರೆ ಕುಂತ್ಕೊಂಡ್ ಉಣ್ಬೇಕು ಅನ್ಸತೆ ಕಣೆ. ಏನಾರ ಆಗ್ಲಿ. ಗಂಜಿಯಾದ್ರೂ ಸೈ. ನಾನು ಏಳ್ಬಾರ್ದು, ಅಷ್ಟೇಯ."

ನೆಗೊಂಬೊ

ಕೊನೆಯ ಸಂಜೆ ಸಮುದ್ರದ ದಡ. ಮೀನುಗಾರರು ಬಲೆಯಿಂದ ಮೀನು ಬಿಡಿಸುತ್ತಿದ್ದರು. ಅಕ್ಕ ಸೀರೆಯನ್ನು ಕಣಕಾಲಿನವರೆಗೆ ಎತ್ತಿ ಕಟ್ಟಿ ಅಲೆಯ ಅಂಚಿನಲ್ಲಿ ನಿಂತಳು. ನಾನು ಪಕ್ಕದಲ್ಲಿ ನಿಂತು, ಹೇಳಬಾರದೆಂದಿದ್ದ ಮಾತನ್ನು ಹೇಳಿಬಿಟ್ಟೆ. ಸಿಂಧಘಟ್ಟದ ಆ ಅಡುಗೆಮನೆಗೆ ವಾಪಸು ಹೋಗಬೇಕು ಅನ್ನಿಸುತ್ತದೆ ಅಕ್ಕ, ಆ ಹೊಗೆ, ಆ ಜನ, ಬಡಿಸಿ ಬಡಿಸಿ ಸಾಕಾಗಿ ಕಡೆಗೆ ನಾವಿಬ್ಬರೇ ಉಣ್ಣುತ್ತಿದ್ದುದು. ಆಗ ಯಾಕೆ ಅಷ್ಟು ಅವಸರ ಮಾಡಿ ಹೊರಬಂದೆನೋ.

"ಅದ್ರಾಗೆ ಈಗ ಇಂಡಿ ಬೂಸ ತುಂಬವ್ರೆ" ಎಂದಳು ಅಕ್ಕ. "ಒಲೆ ಕಿತ್ತಾಕಿ ಆರ್ ವರ್ಸ ಆಯ್ತು."

ಒಂದು ಅಲೆ ಬಂದು ಹೋಯಿತು.

"ನಂಗೂ ಆಸೆ ಆಯ್ತದೆ. ನೀನು ಸೌದೆ ಊದಿ ಊದಿ ಕಣ್ಣು ಕೆಂಪ್ಗೆ ಮಾಡ್ಕೊಂ‍ಡು, ಅಕ್ಕಾ ಅಸೀತದೆ ಅಂತ ಬರೋಳು. ಈಗ ಯಾರ್ ಬತ್ತಾರೆ ಅಂಗೆ? ಆದ್ರೆ ಓಗಿ ಏನ್ ಮಾಡದು ಯೋಳು. ನೀನು ಬೆಲ್ಲ ತಿನ್ನಕಿಲ್ಲ, ನಾನು ಕಾರ ತಿನ್ನಕಿಲ್ಲ. ಇಬ್ರೂ ಅಲ್ಲೋಗಿ ಮಕ ಮಕ ನೋಡ್ಕೊಂಡ್ ಕುಂತ್ಕಬೇಕು!"

ಹೇಳಿ ನಕ್ಕಳು. ಆ ನಗು ಮಾತ್ರ ಹಳೆಯದೇ. ಮೂಗೊರೆಸಿಕೊಳ್ಳುವ ಹಾಗೆ ಸೆರಗು ಮುಖಕ್ಕೆ ಹೋಯಿತು. ನಾನೂ ನಗಲು ಹೋದೆ, ಅಳು ಬಂತು. ಅಕ್ಕ ನನ್ನ ಬೆನ್ನ ಮೇಲೆ ಕೈ ಇಟ್ಟಳು. ಸೂರ್ಯ ಮುಳುಗುವುದನ್ನು ಫೋಟೋ ತೆಗೆಯುತ್ತಿದ್ದ ನಮ್ಮ ಗುಂಪಿನವರು, ಅಲೆಗೆ ಹೆದರಿದ್ದೇನೆ ಎಂದುಕೊಂಡರು.

ಪಾಂಡವಪುರ

ಬೆಂಗಳೂರಿನಿಂದ ಗುಂಪಿನ ಬಸ್ಸು ನಮ್ಮನ್ನು ಶ್ರೀರಂಗಪಟ್ಟಣದಲ್ಲಿ ಇಳಿಸಿತು. ಅಲ್ಲಿಂದ ಕೆ.ಆರ್. ಪೇಟೆಯ ಬಸ್ಸು. ನಾನು ಪಾಂಡವಪುರದಲ್ಲಿ ಇಳಿಯಬೇಕು, ಅಕ್ಕ ಮುಂದೆ ಹೋಗಬೇಕು. ಇಳಿದು ಕಿಟಕಿಯ ಹತ್ತಿರ ನಿಂತು, "ಭಾನುವಾರ ಊಟಕ್ಕೆ ಬಾ" ಎಂದೆ. "ಬತ್ತೀನಿ" ಎಂದಳು. ಬಸ್ಸು ಚಿನಕುರಳಿಯ ಕಡೆ ಹೋಯಿತು.

ಭಾನುವಾರ ಬರಲಿಲ್ಲ. ಹಸು ಕರು ಹಾಕಿತಂತೆ. ಮುಂದಿನ ಭಾನುವಾರ ಯಾರದೋ ತಿಥಿ. ಆಮೇಲೆ ನಾನೂ ಕೇಳಲಿಲ್ಲ. ಪ್ರವಾಸದಲ್ಲಿ ಆಡಿದ ಮಾತು ಪ್ರವಾಸಕ್ಕೇ ಮುಗಿಯುತ್ತದೆ ಎಂದುಕೊಂಡೆ.

ಒಂದು ಬುಧವಾರ ಶಾಲೆಯಲ್ಲಿ ಅರ್ಧ ದಿನ. ಮನೆಗೆ ಬಂದರೆ ಬಾಗಿಲ ಮೆಟ್ಟಿಲ ಮೇಲೆ ಅಕ್ಕ ಕೂತಿದ್ದಳು. ಈ ಹದಿನೇಳು ವರ್ಷದಲ್ಲಿ ನಮ್ಮ ಮನೆಗೆ ಸೊಪ್ಪಿನ ಕಟ್ಟೋ, ತುಪ್ಪದ ಲೋಟವೋ, ಹಲಸಿನ ತೊಳೆಯೋ ಇಲ್ಲದೆ ಅವಳು ಬಂದದ್ದಿಲ್ಲ. ಅಂದು ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಏನೂ ತಂದಿಲ್ಲ ಕಣಮ್ಮಿ" ಎಂದಳು.

"ಬಾ ಒಳಕ್ಕೆ."

ಉಪ್ಪುಸಾರು ಮಾಡಿದೆ. ಅದರಲ್ಲಿ ಸಾರು ಸಪ್ಪೆ, ಅರೆದ ಖಾರ ಬೇರೆ ಬಟ್ಟಲಲ್ಲಿ; ಯಾರಿಗೆ ಎಷ್ಟು ಬೇಕೋ ಅವರೇ ಕಲಸಿಕೊಳ್ಳುವುದು. ಅವರೆಕಾಳು ಬೆಂದ ವಾಸನೆಗೆ ಅಕ್ಕ ಎರಡು ಸಲ ಅಡುಗೆಮನೆಗೆ ಬರಲು ಎದ್ದಳು, ಎರಡು ಸಲವೂ ತಾನೇ ಹಿಂದಕ್ಕೆ ಹೋಗಿ ಕೂತಳು. ಮುದ್ದೆ ತೊಳಸುವಾಗ ನನ್ನ ಕೈ ಅವಳಷ್ಟು ಚುರುಕಲ್ಲ, ಗಂಟು ಉಳಿಯಿತು. ಅಂದು ಅವಳು ಅದಕ್ಕೆ ಏನೂ ಅನ್ನಲಿಲ್ಲ.

ತಟ್ಟೆ ಇಟ್ಟೆ. ಮುದ್ದೆ, ಸಾರು, ಹಾಗಲಕಾಯಿಯ ಪಲ್ಯ. ಅವಳು ಖಾರದ ಬಟ್ಟಲನ್ನು ನನ್ನ ಕಡೆ ಸರಿಸಿ, ನಿಧಾನವಾಗಿ ಮುರಿದು, ಅದ್ದಿ, ನುಂಗಿದಳು. ಮೊದಲಿನ ಹಾಗೆ ಗಬಗಬ ಇಲ್ಲ. ಅರ್ಧಕ್ಕೆ ಬಂದಾಗ ತಲೆ ಎತ್ತದೆ ಎಡಗೈಯಿಂದ ತಟ್ಟೆಯನ್ನು ಸ್ವಲ್ಪ ಮುಂದೆ ತಳ್ಳಿದಳು.

"ಒಸಿ ಸಾರಿಕ್ಕು."

ಇಕ್ಕಿದೆ. ಊಟ ಮುಗಿಯಿತು. ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಓಡುತ್ತಿದ್ದ ಅಕ್ಕ ಏಳಲಿಲ್ಲ. ಗೋಡೆಗೆ ಒರಗಿ, ಎಂಜಲು ಕೈಯನ್ನು ತಟ್ಟೆಯ ಮೇಲೆ ಹಾಗೇ ಇಟ್ಟುಕೊಂಡು, ಬೆರಳ ಮೇಲಿನ ಸಾರು ಒಣಗುವವರೆಗೂ ಕೂತೇ ಇದ್ದಳು.